ಮಿಕ್ಸಿಯ ಕೆಳಗಿನ ಡ್ರಮ್ಮು

ನಮ್ಮ ಮನೆಗೆ ಬರುವ ನೆಂಟರಲ್ಲಿ ಎರಡು ಬಗೆ. ಕಾಫಿ ಕುಡಿದು ನಡುಮನೆಯಲ್ಲೇ ಕೂತು ಎದ್ದು ಹೋಗುವವರು ಒಂದು ಬಗೆ. ಮಾತಾಡುತ್ತಾ ಮಾತಾಡುತ್ತಾ ಅಡುಗೆಮನೆಯ ತನಕ ಬಂದುಬಿಡುವವರು ಇನ್ನೊಂದು ಬಗೆ. ಈ ಎರಡನೆಯವರ ಕಣ್ಣು ಹೇಗೋ ನಮ್ಮ ಮಿಕ್ಸಿಯ ಮೇಲೆ ಬೀಳುತ್ತದೆ. ಮಿಕ್ಸಿಯ ಮೇಲಲ್ಲ, ಅದರ ಕೆಳಗೆ. ಅಲ್ಲೊಂದು ಕಪ್ಪು ರಬ್ಬರಿನ ದುಂಡನೆಯ ಹಲಗೆಯಿದೆ. ಊಟದ ತಟ್ಟೆಯಷ್ಟು ಅಗಲ, ಎರಡು ಬೆರಳು ದಪ್ಪ. ಮಿಕ್ಸಿ ಎತ್ತಿ ಒರೆಸುವಾಗ ಅದರ ನಡುವೆ ದೊಡ್ಡ ಬಳೆಯಂಥ ಸುಟ್ಟ ಗುರುತೊಂದು ಕಾಣುತ್ತದೆ.

"ಇದೇನ್ರೀ, ಚೆನ್ನಾಗೈತಲ್ಲ! ಮಿಕ್ಸಿ ಅದುರೋದೇ ಇಲ್ಲ. ಎಲ್ಲಿ ಸಿಕ್ತು?" ಎಂದು ಕೇಳುತ್ತಾರೆ.

"ಕುಣಿಗಲ್‌ನಲ್ಲಿ" ಎನ್ನುತ್ತೇನೆ. ಸುಳ್ಳಲ್ಲ. ಆಮೇಲೆ ಅವರು ಕುಣಿಗಲ್ಲಿನ ಪಾತ್ರೆ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಲಿ ಬಂದರೆ ಅದಕ್ಕೆ ನಾನು ಹೊಣೆಯಲ್ಲ.

ನಿಮಗೆ ಮಾತ್ರ ನಿಜ ಹೇಳುತ್ತೇನೆ. ಅದು ಎಲೆಕ್ಟ್ರಾನಿಕ್ ಡ್ರಮ್ ಸೆಟ್ಟಿನ ಒಂದು ಪ್ಯಾಡು. ಕೋಲಿನಿಂದ ಹೊಡೆದರೆ 'ಟಪ್' ಎನ್ನುತ್ತದೆ, ಅಷ್ಟೆ. ನಿಜವಾದ ಸದ್ದು ವೈರಿನಲ್ಲಿ ಹರಿದು ಹೋಗಿ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಕೇಳಿಸುತ್ತದೆ. ಅಕ್ಕಪಕ್ಕದವರಿಗೆ ತೊಂದರೆಯಾಗಬಾರದೆಂದೇ ಹುಟ್ಟಿದ ಈ ಸಾಧು ವಸ್ತು ಈಗ ಇಡೀ ಬೀದಿಗೆ ಕೇಳುವ ಹಾಗೆ ಚಟ್ನಿ ಅರೆಯುವ ಯಂತ್ರವನ್ನು ತಲೆಯ ಮೇಲೆ ಹೊತ್ತು ಕೂತಿದೆ. ಅದರ ಹಣೆಬರಹಕ್ಕೆ ನಾನೇ ಕಾರಣ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನನ್ನ ಕೈಗೆ ಹುಟ್ಟಿನಿಂದಲೇ ಒಂದು ರೋಗ, ಸುಮ್ಮನಿರುವುದಿಲ್ಲ. ಬೆಂಚು, ಬಕೆಟ್ಟು, ಬಸ್ಸಿನ ಕಂಬಿ, ಯಾವುದು ಸಿಕ್ಕಿದರೂ ಬಾರಿಸುತ್ತದೆ. ಮುಂದಿನ ಸೀಟಿನಲ್ಲಿ ಬೋಳುತಲೆಯವರು ಕೂತರೆ ಕೈಕಟ್ಟಿ ಕೂರುವುದು ನನಗೆ ಇವತ್ತಿಗೂ ಕಷ್ಟ. ತಪ್ಪು ನನ್ನದಲ್ಲ, ಮಿಲ್ಲಿನದು. ತೊಂಬತ್ತರ ದಶಕದ ಮೊದಲಲ್ಲಿ ನಾವು ಹೆಬ್ಬೂರಿನಲ್ಲಿದ್ದೆವು. ನಮ್ಮ ಗೋಡೆಗೆ ಅಂಟಿಕೊಂಡೇ ಒಂದು ಹಿಟ್ಟಿನ ಮಿಲ್ಲು. ಬೆಳಿಗ್ಗೆ ಅದು ಶುರುವಾಯಿತೆಂದರೆ ನಮ್ಮ ಗೂಡಿನಲ್ಲಿದ್ದ ಸ್ಟೀಲಿನ ಲೋಟಗಳೆಲ್ಲ ತಾಳ ಹಾಕುತ್ತಿದ್ದವು. ರಾಗಿಹಿಟ್ಟು ಕಿಟಕಿಯಿಂದ ತೇಲಿ ಬಂದು ನಮ್ಮ ಹುಬ್ಬಿನ ಮೇಲೆ ಕೂರುತ್ತಿತ್ತು. ಸ್ಕೂಲಿಗೆ ಹೊರಡುವಾಗ ಅಮ್ಮ ಸೆರಗಿನಿಂದ ಹುಬ್ಬು ಒರೆಸಿ ಕಳಿಸುತ್ತಿದ್ದಳು, ಇಲ್ಲದಿದ್ದರೆ ಮೇಷ್ಟ್ರು "ಬಾರಯ್ಯ ತಾತ" ಎಂದು ಕರೆಯುತ್ತಿದ್ದರು.

ಆ ಮಿಲ್ಲಿನ ತಾಳಕ್ಕೆ ನನಗೆ ಮಗ್ಗಿ ಹೇಳಿಕೊಟ್ಟವಳು ಅಕ್ಕ. ಸುಮಿತ್ರಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಒಂದೊಂದು ಮಗ್ಗಿಗೂ ಒಂದೊಂದು ಧಾಟಿ ಅವಳೇ ಕಟ್ಟಿದ್ದಳು, ಯಾರೂ ಕಲಿಸಿದ್ದಲ್ಲ. ಎರಡರ ಮಗ್ಗಿ ಲಾಲಿ ಹಾಡಿದ ಹಾಗೆ. ಐದರದ್ದಕ್ಕೆ ಕುಣಿಯಬಹುದು. ಒಂಬತ್ತರದ್ದು ಮಂಗಳಾರತಿ ಹಾಡಿನ ಹಾಗೆ ನಿಧಾನ. ಏಳರದ್ದು ಮಾತ್ರ ಎಷ್ಟು ಚೆಂದದ ಧಾಟಿ ಹಾಕಿದರೂ ನನ್ನ ನಾಲಿಗೆಗೆ ಒಗ್ಗಲಿಲ್ಲ. 'ಏಳೊಂದ್ಲ ಏಳು' ಎಂದು ಭಾರಿ ಜೋರಾಗಿ ಹೊರಡುತ್ತಿದ್ದೆ. 'ಏಳ್ನಾಕ್ಲ' ಬರುವ ಹೊತ್ತಿಗೆ ಬೆನ್ನು ಗೂನಾಗಿ, ಉತ್ತರ ಕೆಳಗೆಲ್ಲೋ ಬಿದ್ದುಹೋಗಿರುವ ಹಾಗೆ ನೆಲ ನೋಡುತ್ತಿದ್ದೆ. ಅಕ್ಕನ ಕೈಯಲ್ಲಿ ಮರದ ಅಡಿಪಟ್ಟಿ ಇರುತ್ತಿತ್ತು. ಹೊಡೆಯುತ್ತಿರಲಿಲ್ಲ. ಹೆಗಲಿನ ಎರಡು ಮೂಳೆಗಳ ನಡುವೆ ಒಂದು ಸಲ ತಟ್ಟುತ್ತಿದ್ದಳು.

"ಏಯ್, ಬೆನ್ನು ನೆಟ್ಟಗೆ ಮಾಡ್ಲಾ! ಬೆನ್ನು ಬಗ್ಸಿದ್ರೆ ಮಗ್ಗಿ ಎಲ್ಲಿಂದ ಬತ್ತದೆ?"

ಬೆನ್ನಿಗೂ ಮಗ್ಗಿಗೂ ಏನು ಸಂಬಂಧವೋ ನನಗೆ ಗೊತ್ತಿಲ್ಲ. ಬೆನ್ನು ನೆಟ್ಟಗಾದ ಕೂಡಲೇ ಇಪ್ಪತ್ತೆಂಟು ಬಾಯಿಗೆ ಬರುತ್ತಿತ್ತು.

ಮುಂದೆ ಅಕ್ಕ ಟೀಚರಾದಳು. ಮದುವೆಯಾಗಿ ತುಮಕೂರಿಗೆ ಬಂದು, ಅಲ್ಲಿಂದ ದಿನಾ ಬಸ್ಸಿನಲ್ಲಿ ಊರ್ಡಿಗೆರೆಯ ಶಾಲೆಗೆ ಹೋಗಿ ಬರುತ್ತಿದ್ದಳು. ಅಲ್ಲಿನ ಮಕ್ಕಳಿಗೆ ಅವಳ ಹೆಸರೇ ಗೊತ್ತಿರಲಿಲ್ಲವೆಂದು ಕಾಣುತ್ತದೆ, 'ಹಾಡೋ ಮಿಸ್ಸು' ಎನ್ನುತ್ತಿದ್ದರು. ನನ್ನ ಹೆಸರು ಮಂಜುನಾಥ. ನಾನೂ ಅಮ್ಮನನ್ನು ಕರೆದುಕೊಂಡು ತುಮಕೂರಿಗೇ ಬಂದು, ಕಾಲೇಜೊಂದರ ಲ್ಯಾಬಿನಲ್ಲಿ ಅಟೆಂಡರ್ ಆಗಿ ಸೇರಿಕೊಂಡೆ. ಹಗಲು ಪರೀಕ್ಷಾ ನಳಿಕೆ ತೊಳೆಯುವುದು, ಗಣಪತಿ ಹಬ್ಬದ ಸೀಸನ್ನಿನಲ್ಲಿ ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುವುದು. ನನ್ನ ಕಲಾಜೀವನದ ಒಂದು ಘಟನೆ ಹೇಳಿದರೆ ಸಾಕು, ಉಳಿದದ್ದು ನಿಮಗೇ ಗೊತ್ತಾಗುತ್ತದೆ. ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮು ಪ್ರತಿ ಏಟಿಗೂ ಒಂದಿಷ್ಟು ಮುಂದೆ ಸರಿಯುತ್ತದೆ, ಅದಕ್ಕೆ ಅಡ್ಡಲಾಗಿ ಇಟ್ಟಿಗೆ ಇಡಬೇಕು. ಒಂದು ವರ್ಷ ಗುಬ್ಬಿಯ ಪೆಂಡಾಲಿನಲ್ಲಿ ಇಟ್ಟಿಗೆ ಮರೆತೆ. ಮೂರನೆಯ ಹಾಡಿನ ಹೊತ್ತಿಗೆ ಡ್ರಮ್ಮು ನಡೆದುಕೊಂಡು ಹೋಗಿ ಗಾಯಕಿಯ ಸೀರೆಯ ನೆರಿಗೆ ಮುಟ್ಟಿತ್ತು. ನಾನು ಸ್ಟೂಲಿನ ಸಮೇತ ಅದರ ಹಿಂದೆಯೇ ಹೋಗಿದ್ದೆ. ಜನ ಚಪ್ಪಾಳೆ ಹೊಡೆದರು. ಅದು ನನಗೆ ಬಂದ ಅತಿ ದೊಡ್ಡ ಚಪ್ಪಾಳೆ.

ಹೀಗೆ ಚೆನ್ನಾಗಿಯೇ ಇದ್ದೆವು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಒಂದು ಭಾನುವಾರ ಅಕ್ಕ ನಮ್ಮ ಮನೆಗೆ ಬಂದು, ಅಮ್ಮನ ಜೊತೆ ಹುರುಳಿಕಾಯಿ ಬಿಡಿಸುತ್ತಾ, ಮಾತಿನ ನಡುವೆ ಹೇಳಿದಳು. ಕುತ್ತಿಗೆಯಲ್ಲಿ ಒಂದು ಗಂಟಾಗಿದೆ. ಆಪರೇಷನ್ ಆಗಬೇಕು. ಜೀವಕ್ಕೇನೂ ಭಯವಿಲ್ಲವಂತೆ. ಆದರೆ ಗಂಟು ದನಿಯ ನರದ ಪಕ್ಕದಲ್ಲೇ ಇದೆಯಂತೆ.

"ದನಿ ಮೊದ್ಲಿನ್ ತರ ಇರಬೋದು, ಇಲ್ದೇನೂ ಹೋಗ್ಬೋದು ಅಂದ್ರು ಡಾಕ್ಟ್ರು. ದೀಪಾವಳಿ ಕಳೀಲಿ ಅಂತ ಹೇಳಿ ಬಂದಿದೀನಿ" ಎಂದಳು. ಹೇಳಿ ಇನ್ನೊಂದು ಹುರುಳಿಕಾಯಿಯ ನಾರು ತೆಗೆದಳು.

ನನ್ನ ಕೈ ಮೊರದ ಅಂಚಿನ ಮೇಲೆ ಬಾರಿಸುತ್ತಿತ್ತು. ಅದನ್ನು ಅಕ್ಕನೇ ಹಿಡಿದು ನಿಲ್ಲಿಸಿದಳು.

ಅವಳು ಹೋದಮೇಲೆ ನನಗೆ ಒಂದೇ ಯೋಚನೆ. ಮಗ್ಗಿಗಳನ್ನೆಲ್ಲ ರೆಕಾರ್ಡ್ ಮಾಡಿಬಿಡಬೇಕು. ದನಿ ಹೋದರೂ ಊರ್ಡಿಗೆರೆಯ ಮಕ್ಕಳಿಗೆ ಸೀಡಿ ಹಾಕಿ ಕೇಳಿಸಬಹುದು. ಯೋಚನೆ ಇಲ್ಲಿಗೇ ನಿಂತಿದ್ದರೆ ಒಂದು ಮೈಕಿನಲ್ಲಿ ಕೆಲಸ ಮುಗಿಯುತ್ತಿತ್ತು. ನನಗೆ ಹಿಂದೆ ಡ್ರಮ್ಮೂ ಇರಬೇಕು ಅನ್ನಿಸಿತು. ಫೋನಿನಲ್ಲಿ ಹೇಳಿದಾಗ ಅಕ್ಕ, "ನನ್ ಮಗ್ಗಿಗೆ ಡ್ರಮ್ ಯಾಕ್ಲಾ?" ಎಂದು ನಕ್ಕಳು. "ಮಕ್ಕಳು ಕುಣೀತಾರಕ್ಕ" ಎಂದೆ. ನಿಜವಾದ ಕಾರಣ ಅದಲ್ಲ. ಅಕ್ಕನ ಗಂಟಲಿಗೆ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಏನಾದರೂ ಹುಡುಕಿಕೊಂಡು ಓಡಾಡದೆ ಕೂರಲು ನನ್ನಿಂದ ಆಗುತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಡ್ರಮ್ಮು ಒಂದೇ, ಅದನ್ನೇ ಹುಡುಕಿದೆ.

ಈ ಹುಡುಕಾಟದಲ್ಲಿ ನನ್ನ ಜೊತೆಗಾರ ರಿಯಾಜ್. ಹೈಸ್ಕೂಲಿನಿಂದ ಸ್ನೇಹಿತ, ತುಮಕೂರಿನಲ್ಲೇ ಗುಬ್ಬಿ ಗೇಟಿನ ಹತ್ತಿರ ಅವನ ಟೀವಿ ರಿಪೇರಿ ಅಂಗಡಿ. ಹಳೇ ಬಿಡಿಭಾಗಗಳನ್ನು ಜೋಡಿಸಿ ನನಗೊಂದು ಕಂಪ್ಯೂಟರ್ ಮಾಡಿಕೊಟ್ಟವನೂ ಅವನೇ. ನಾವಿದ್ದದ್ದು ಆರು ಮನೆಗಳ ವಠಾರ, ಒಬ್ಬರು ಸೀನಿದರೆ ಐದು ಮನೆಯವರು "ಶತಾಯುಸ್ಸು" ಎನ್ನುವಷ್ಟು ತೆಳ್ಳನೆಯ ಗೋಡೆಗಳು.

"ಇಲ್ಲಿ ನಿಜವಾದ ಡ್ರಮ್ ಬಾರ್ಸಿದ್ರೆ ನಿನ್ನನ್ನ ಸಾಮಾನು ಸಮೇತ ಆಚೆಗ್ ಹಾಕ್ತಾರೆ ಕಣೋ. ಅಲ್ದೆ ಅಕ್ಕನ ದನಿ ಡ್ರಮ್ ಸೌಂಡಲ್ಲಿ ಮುಚ್ಚೋಗ್ತದೆ. ಎಲೆಕ್ಟ್ರಾನಿಕ್ ತಗೋ. ವೈರ್ ಸೀದಾ ಕಂಪ್ಯೂಟರಿಗೆ. ಮೈಕಿಗೆ ಅಕ್ಕನ ದನಿ ಮಾತ್ರ" ಎಂದ ರಿಯಾಜ್.

ಮೊದಲು ಬೆಂಗಳೂರಿನ ಒಂದು ಅಂಗಡಿಗೆ ಹೋದೆವು. ಏಸಿ ಹಾಕಿದ್ದರು. ಸೆಟ್ಟಿನ ಕತ್ತಿನಲ್ಲಿ ನೇತಾಡುತ್ತಿದ್ದ ಚೀಟಿಯನ್ನು ರಿಯಾಜ್ ತಿರುಗಿಸಿ ನೋಡಿದ, ನನಗೆ ತೋರಿಸಿದ, ಇಬ್ಬರೂ ಇನ್ನೈದು ನಿಮಿಷ ಏಸಿಯಲ್ಲಿ ನಿಂತು ಆಚೆ ಬಂದೆವು. ಊರಿಗೆ ಬಂದಮೇಲೆ ಆರ್ಕೆಸ್ಟ್ರಾದವರೊಬ್ಬರು ಗುಬ್ಬಿಯ ಪರಮೇಶಣ್ಣನ ಹೆಸರು ಹೇಳಿದರು. ಮದುವೆ ಮನೆಗಳಲ್ಲಿ ರಿದಂ ಪ್ಯಾಡ್ ಬಾರಿಸುವವರು, ವಯಸ್ಸಾಯಿತೆಂದು ಅದನ್ನು ಮಾರುತ್ತಾರಂತೆ.

ಪರಮೇಶಣ್ಣನ ಮನೆಗೆ ನಾವು ಹೋದದ್ದು ಹತ್ತು ಗಂಟೆಗೆ. ರಿದಂ ಪ್ಯಾಡ್ ಎಂದರೆ ಮೇಜಿನ ಮೇಲಿಡುವ ಚಪ್ಪಟೆ ಪೆಟ್ಟಿಗೆ, ಅದರ ಮೇಲೆ ಎಂಟು ಚೌಕ. ಅವರು ಅದನ್ನು ಮಡಿಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿ, ಒರೆಸಿ, ಬಾರಿಸಲು ಶುರುಮಾಡಿದರು. ತಮಟೆ, ಢೋಲಕ್ಕು, ಗೆಜ್ಜೆ ಎಲ್ಲ ಬಂತು. ಆಮೇಲೆ ನಾಯಿ ಬೊಗಳಿತು. ಗಾಜು ಒಡೆಯಿತು. ರೈಲು ಬಂತು, ಹೋಯಿತು. ಹನ್ನೊಂದೂವರೆಗೆ ಅವರ ಹೆಂಡತಿ ಉಪ್ಪಿಟ್ಟು ಕೊಟ್ಟರು. ಹನ್ನೆರಡಕ್ಕೂ ಪರಮೇಶಣ್ಣ ಬಾರಿಸುತ್ತಲೇ ಇದ್ದರು, ಕಣ್ಣು ಮುಚ್ಚಿಕೊಂಡು.

ಕೊನೆಗೆ ರಿಯಾಜ್ ಧೈರ್ಯ ಮಾಡಿ, "ಅಣ್ಣಾ, ಎಷ್ಟಕ್ಕೆ ಕೊಡ್ತೀರಾ?" ಎಂದ.

ಪರಮೇಶಣ್ಣ ಕಣ್ಣು ಬಿಟ್ಟು ಹೆಂಡತಿಯ ಕಡೆ ನೋಡಿದರು. ಆಕೆ ಬಾಗಿಲಲ್ಲಿ ನಿಂತು, "ಬ್ಯಾಡ ಕಣಪ್ಪ. ಇದನ್ನ ಕೊಟ್ಬುಟ್ರೆ ನಾಳೆಯಿಂದ ಇವ್ರು ನನ್ ತಲೆ ಮೇಲೆ ಬಾರುಸ್ತಾರೆ. ತಿಂಗಳಿಗೊಬ್ರು ಕೇಳ್ಕೊಂಡ್ ಬತ್ತಾರೆ, ಉಪ್ಪಿಟ್ ತಿನ್ಕೊಂಡ್ ಹೋಯ್ತಾರೆ, ಇನ್ನೇನ್ ಮಾಡೋದು" ಎಂದರು. ಪರಮೇಶಣ್ಣ ಪ್ಯಾಡನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತಿದ್ದರು. ನನಗೆ ಸಿಟ್ಟೇ ಬರಲಿಲ್ಲ. ವರ್ಷಕ್ಕೆ ಹನ್ನೆರಡು ಸಲವಾದರೂ ಅವರ ಕಛೇರಿಗೆ ಶ್ರೋತೃಗಳು ಸಿಗುತ್ತಾರಲ್ಲ.

ಕೈಗೆ ಸಿಕ್ಕಿದ್ದು ಕುಣಿಗಲ್ಲಿನ ಸೆಟ್ಟು. ರಿಯಾಜನ ಸೋದರಮಾವನ ಮನೆ ಅಲ್ಲಿದೆ. ಮಾವನ ಅಳಿಯ ಸೌದಿಯಿಂದ ರಜೆಗೆ ಬರುವಾಗ ಒಂದು ಎಲೆಕ್ಟ್ರಾನಿಕ್ ಸೆಟ್ಟು ಹೊತ್ತು ತಂದು, ಒಂದು ವಾರ ಬಾರಿಸಿ, ವಾಪಸ್ ಹೋಗುವಾಗ ಇಲ್ಲೇ ಬಿಟ್ಟು ಹೋಗಿದ್ದನಂತೆ. ನಾವು ಹೋದಾಗ ಅದು ಹಾಲಿನ ಮೂಲೆಯಲ್ಲಿತ್ತು, ಆದರೆ ಕಾಣುತ್ತಿರಲಿಲ್ಲ. ಮೇಲೆಲ್ಲ ಬಟ್ಟೆ. ತಾಳದ ತಟ್ಟೆಯ ಮೇಲೆ ಟವೆಲ್ಲು, ಕಂಬಿಗಳ ಮೇಲೆ ದುಪಟ್ಟಾ, ಪ್ಯಾಡುಗಳ ಮೇಲೆ ಮಕ್ಕಳ ಸಾಕ್ಸು. ಮಾವ ಕೊಡಲು ತಕ್ಷಣ ಒಪ್ಪಿದರು. ಒಪ್ಪದವರು ಅವರ ಹೆಂಡತಿ, ರಿಯಾಜನ ಮುಮಾನಿ.

"ನೀವ್ ತಗೊಂಡ್ ಹೋಗ್ತೀರಪ್ಪ, ಸರಿ. ಮಳೆ ಬಂದ್ರೆ ಬಟ್ಟೆ ಎಲ್ಲಿ ಹಾಕ್ಲಿ ನಾನು?" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ಅವರ ಮಾತಿನಲ್ಲಿ ನ್ಯಾಯವಿತ್ತು. ರಿಯಾಜ್ ಅರ್ಧ ಗಂಟೆ ಮನೆಮಾತಿನಲ್ಲಿ ಏನೇನೋ ಹೇಳಿದ. ಕಡೆಗೆ ಕುಣಿಗಲ್ ಪೇಟೆಗೆ ಹೋಗಿ ಬಟ್ಟೆ ಒಣಗಿಸುವ ಮಡಚು ಸ್ಟ್ಯಾಂಡೊಂದನ್ನು ತಂದು ಮುಮಾನಿಯ ಮುಂದೆ ಬಿಚ್ಚಿ ನಿಲ್ಲಿಸಿದೆವು. ಅವರು ಅದನ್ನು ಅಲುಗಾಡಿಸಿ ನೋಡಿದರು. "ಡ್ರಮ್ಮೇ ಗಟ್ಟಿ ಇತ್ತು. ಇರ್ಲಿ, ಅಕ್ಕನ ಗಂಟ್ಲು ಅಂತೀರಾ, ತಗೊಂಡ್ ಹೋಗಿ. ಆಪರೇಷನ್ ದಿನ ಹೇಳ್ರಿ, ದುವಾ ಮಾಡ್ತೀನಿ" ಎಂದರು. ಕೊಟ್ಟ ಬೆಲೆ ನಮ್ಮ ಕೈಗೆಟುಕುವಷ್ಟೇ ಇತ್ತು. ದುವಾ ಬಿಟ್ಟಿ.

ತುಮಕೂರಿನ ಬಸ್ಸಿನಲ್ಲಿ ಹಿಂದಿನ ಸೀಟಿನ ತುಂಬಾ ನಮ್ಮ ಸೆಟ್ಟು. ಕಂಬಿಗಳು, ರಬ್ಬರ್ ತಟ್ಟೆಗಳು, ತೂಗಾಡುವ ವೈರುಗಳು. ಹೆಬ್ಬೂರು ಹತ್ತಿರ ಹತ್ತಿದ ಅಜ್ಜಿಯೊಬ್ಬರು ಬಹಳ ಹೊತ್ತು ಅದನ್ನೇ ನೋಡಿ, "ಹಾಲು ಕರ್ಯೋ ಮಿಷನ್ನಾ ಮಗಾ? ಎಷ್ಟು ಹಸ ಕಟ್ಟಿದೀಯ?" ಎಂದರು.

"ಒಂದೂ ಇಲ್ಲ ಅಜ್ಜಿ" ಎಂದೆ.

"ಹಸ ಇಲ್ದೆ ಮಿಷನ್ ತಗೊಂಡವ್ನೆ ನೋಡು" ಎಂದು ಅವರು ಪಕ್ಕದವರಿಗೆ ಹೇಳಿ ನಿಟ್ಟುಸಿರಿಟ್ಟರು. ನನ್ನ ಇಡೀ ಜೀವನವನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ.

ಸೆಟ್ಟು ಮನೆಗೆ ಬಂದ ಮಾರನೆಯ ದಿನವೇ ಆಯುಧಪೂಜೆ. ಅವತ್ತು ಯಾವ ಆಯುಧವನ್ನೂ ಕೆಲಸಕ್ಕೆ ಹಚ್ಚುವಂತಿಲ್ಲ, ತೊಳೆದು ಪೂಜೆ ಮಾಡಿ ಇಡಬೇಕು. ಈಳಿಗೆಮಣೆ, ಸೈಕಲ್ಲು, ಮಿಕ್ಸಿ ಎಲ್ಲಕ್ಕೂ ಅಮ್ಮ ಕುಂಕುಮ ಇಟ್ಟಳು. "ಇದಕ್ಕೇನ್ ಮಾಡ್ಲಾ?" ಎಂದು ಡ್ರಮ್ಮಿನ ಮುಂದೆ ನಿಂತು ಕೇಳಿದಳು. ಅಲ್ಲಿಗೇ ಬಿಟ್ಟಿದ್ದರೆ ಎಲ್ಲ ಸರಿಯಿರುತ್ತಿತ್ತು. ಅಕ್ಕನ ವಿಷಯ ನೋಡಿ, ನನಗೆ ಅವತ್ತು ಎಲ್ಲಿಲ್ಲದ ಭಕ್ತಿ. ಪ್ಯಾಡಿಗೊಂದು ಹೂವಿಟ್ಟೆ. ಊದುಬತ್ತಿ ಬೆಳಗಿದೆ. ತಟ್ಟೆಯಲ್ಲಿ ಕರ್ಪೂರವನ್ನು ಗುಡ್ಡೆಹಾಕಿ ಹಚ್ಚಿ ಮಂಗಳಾರತಿ ಎತ್ತಿದೆ. ಅಕ್ಕನ ದನಿ ಉಳಿಯಲಪ್ಪ ಎಂದು ಎರಡು ಕೈಯೆತ್ತಿ ಮುಗಿಯಬೇಕಾಗಿತ್ತು. ಕೈಯಲ್ಲಿದ್ದ ತಟ್ಟೆ ಎಲ್ಲಿಡುವುದು? ಎದುರಿಗೇ ಸೊಂಟದೆತ್ತರಕ್ಕೆ, ಚಪ್ಪಟೆಯಾಗಿ, ದುಂಡಗೆ, ಆರತಿ ತಟ್ಟೆ ಇಡಲೆಂದೇ ಮಾಡಿಟ್ಟ ಹಾಗೆ ನಡುವಿನ ಪ್ಯಾಡು ಕಾದಿತ್ತು. ಇಟ್ಟೆ. ಕಣ್ಣು ಮುಚ್ಚಿದೆ. ಬಹಳ ಹೊತ್ತು ಬೇಡಿಕೊಂಡೆ.

"ಈ ಊದುಬತ್ತಿ ಯಾಕೋ ಕೆಟ್ಟ ವಾಸ್ನೆ ಕಣೋ, ಮುಂದಿನ್ ಸಲ ಬೇರೆ ತತ್ತಾ" ಎಂದಳು ಅಮ್ಮ.

ಕಣ್ಣು ಬಿಟ್ಟಾಗ ಕರ್ಪೂರದ ಜ್ವಾಲೆ ಇಳಿದಿತ್ತು, ರಬ್ಬರಿನಿಂದ ಹೊಗೆ ಏಳುತ್ತಿತ್ತು. ತಟ್ಟೆ ಎತ್ತಿದರೆ ಪ್ಯಾಡೂ ಜೊತೆಗೆ ಎದ್ದು ಬಂತು. ಕಿತ್ತು ಬಿಡಿಸಿದಾಗ ಬಳೆಯಂಥ ಗುರುತು ಉಳಿಯಿತು. ಪೂಜೆಯ ದಿನ ಬಾರಿಸಬಾರದೆಂಬ ನೇಮ ಮುರಿದು ಮೆಲ್ಲಗೆ ಬಾರಿಸಿ ನೋಡಿದೆ. ಹೆಡ್‌ಫೋನಿನಲ್ಲಿ ಏನೂ ಇಲ್ಲ. ಡ್ರಮ್ ಸೆಟ್ಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಡೆಸಿಕೊಳ್ಳುವ, ಅದಿಲ್ಲದಿದ್ದರೆ ತಾಳವೇ ಇಲ್ಲವೆನ್ನುವ ಪ್ಯಾಡು ಅದು.

ಸಂಜೆ ಅಕ್ಕ ಕೋಸಂಬರಿ ಡಬ್ಬಿ ಹಿಡಿದು ಬಂದಳು. ಅಮ್ಮನಿಂದ ವಿಷಯ ಕೇಳಿ, ಪ್ಯಾಡು ನೋಡಿ, ಗೋಡೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

"ಏನ್ಲಾ, ಇಷ್ಟಕ್ಕೆಲ್ಲ ಅಳ್ತಾ ಇದೀಯ?"

"ದಿನ ಇಲ್ಲ ಅಕ್ಕ. ದೀಪಾವಳಿ ಆಗೋದ್ರೆ..." ಎಂದೆ.

ಅವಳು ಡ್ರಮ್ಮಿನ ಸ್ಟೂಲಿನ ಮೇಲೆ ಕೂತಳು. ನಮ್ಮೆದುರು ಮೊದಲ ಸಲ ತನ್ನ ಕುತ್ತಿಗೆ ಮುಟ್ಟಿಕೊಂಡಳು. "ನಂಗೂ ಭಯ ಆಯ್ತದೆ ಕಣೋ. ಬಸ್ಸಲ್ಲಿ ಹೋಗ್ವಾಗ ಒಬ್ಳೇ ಮೆಲ್ಲಗೆ ಹಾಡ್ಕೊಂಡು ನೋಡ್ತೀನಿ, ಇದೆಯಾ ಅಂತ. ಹಂಗಂತ ಕೂತ್ರೆ ಆಯ್ತದಾ? ನಮ್ ಹುಡುಗ್ರಿಗೆ ಏಳರ ಮಗ್ಗಿ ಇನ್ನೂ ಕೂತಿಲ್ಲ. ಅದೊಂದನ್ನಾದ್ರೂ ಮಾಡ್ಕೊಂಡ್ಬುಡಾಣ. ಡ್ರಮ್ ಇಲ್ದಿದ್ರೆ ಬಕೆಟ್ ಬಾರ್ಸು ಬುಡು."

ಎರಡು ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ರಿಯಾಜ್ ಬಂದ. ಪ್ಯಾಡು ತಿರುಗಿಸಿ ನೋಡಿ, "ಒಳಗಡೆ ಸೆನ್ಸರ್ ಸುಟ್ಟೋಗಿದೆ" ಎಂದ. ಆಮೇಲೆ ಪಕ್ಕದಲ್ಲಿದ್ದ ಇನ್ನೊಂದು ಪ್ಯಾಡಿನ ವೈರು ಕಿತ್ತ. ಸುಟ್ಟದ್ದರ ವೈರು ಅದಕ್ಕೆ ಚುಚ್ಚಿದ. ಎರಡರ ಜಾಗ ಅದಲುಬದಲು ಮಾಡಿದ. ಒಂದು ನಿಮಿಷವೂ ಆಗಿರಲಿಲ್ಲ. "ಹೂಂ, ಬಾರ್ಸು" ಎಂದ. ಬಾರಿಸಿದೆ. ಸದ್ದು ಬಂತು. ಉಳಿದ ಪ್ಯಾಡುಗಳಲ್ಲಿ ಒಂದು ಕಡಿಮೆಯಾಯಿತು ಅಷ್ಟೆ.

"ಎರಡು ದಿನ ಉಪವಾಸ ಇದ್ಯಂತೆ? ಮೊದ್ಲು ನಂಗೆ ಫೋನ್ ಮಾಡಕ್ಕೇನಾಗಿತ್ತು ನಿಂಗೆ?" ಎಂದು ಅವನು ಬೈದ. ಸುಟ್ಟ ಪ್ಯಾಡನ್ನು ಅಮ್ಮ ಎತ್ತಿಕೊಂಡು ಹೋಗಿ ಮಿಕ್ಸಿಯ ಕೆಳಗಿಟ್ಟಳು. ಅದು ಅಲ್ಲೇ ಉಳಿಯಿತು.

ದೀಪಾವಳಿಯೊಳಗೆ ಮೂರು ಭಾನುವಾರಗಳಿದ್ದವು. ನನ್ನ ರೂಮಿನ ಗೋಡೆಗೆ ಹಾಸಿಗೆ ಒರಗಿಸಿ, ಕಿಟಕಿಗೆ ಕಂಬಳಿ ಹೊದಿಸಿ ಸ್ಟುಡಿಯೋ ಮಾಡಿದೆವು. ಅಮ್ಮನಿಗೆ ಒಗ್ಗರಣೆ ಹಾಕಬಾರದೆಂದು ಕಟ್ಟಪ್ಪಣೆ. ಪಕ್ಕದ ಮನೆಯವರಿಗೆ ಅಪ್ಪಣೆ ಮಾಡುವಂತಿರಲಿಲ್ಲ, ಹಾಗಾಗಿ ಆರರ ಮಗ್ಗಿಯಲ್ಲಿ ಇವತ್ತಿಗೂ ಅವರ ಕುಕ್ಕರ್ ಎರಡು ಸಲ ಕೂಗುತ್ತದೆ. ಇದ್ದದ್ದು ಒಂದೇ ಹೆಡ್‌ಫೋನು. ಅದು ಡ್ರಮ್ ಬಾರಿಸುವ ನನ್ನ ಕಿವಿಯಲ್ಲಿ. ಅಕ್ಕನಿಗೆ ಕೇಳುತ್ತಿದ್ದದ್ದು ರಬ್ಬರಿನ 'ಟಪ್ ಟಪ್' ಮಾತ್ರ. "ಇಷ್ಟ್ ಓಡಾಡಿ ತಂದಿದ್ದು ಇದೇ ಸೌಂಡಾ?" ಎಂದು ಅವಳು ಕೇಳಿದಳು. ಆದರೂ ಆ ಟಪ್ ಟಪ್ ಅವಳಿಗೆ ಒಗ್ಗಿತು. ಕೈಯಲ್ಲಿದ್ದ ಅಡಿಪಟ್ಟಿಯಿಂದ ತನ್ನ ತೊಡೆ ತಟ್ಟಿಕೊಳ್ಳುತ್ತಾ ಹಾಡಿದಳು. ನಾನು ಕಣ್ಣು ಮುಚ್ಚಿದರೆ ಹೆಬ್ಬೂರಿನ ಲೋಟಗಳು ಗೂಡಿನಲ್ಲಿ ಅದುರುತ್ತಿದ್ದವು.

ಏಳರ ಮಗ್ಗಿಯನ್ನೇ ಮೊದಲು ಹಿಡಿದೆವು. ಮೊದಲ ಭಾನುವಾರ ಸರಿಬರಲಿಲ್ಲ, ತಪ್ಪಿದ್ದು ನಾನೇ. ಎರಡನೆಯ ಭಾನುವಾರವೂ ನಾನೇ. ಉಳಿದ ಮಗ್ಗಿಗಳೆಲ್ಲ ಮುಗಿದವು. ಮೂರನೆಯ ಭಾನುವಾರ ಅದೊಂದೇ ಉಳಿದಿತ್ತು. ಮೂರು ಗಂಟೆಗೆ ಕರೆಂಟು ಹೋಗುವುದಿತ್ತು. ಅಕ್ಕನ ದನಿ ಅಷ್ಟು ಹೊತ್ತಿಗಾಗಲೇ ಬೇಗ ಆಯಾಸಪಡುತ್ತಿತ್ತು, ಒಂದೊಂದು ಸಲ ಹಾಡಿದ ಮೇಲೂ ಬಿಸಿನೀರು ಕುಡಿದು ಹತ್ತು ನಿಮಿಷ ಸುಮ್ಮನೆ ಕೂರಬೇಕು. ಎರಡು ಮುಕ್ಕಾಲಾಗಿತ್ತು. ರಿಯಾಜ್ ಗಡಿಯಾರ ನೋಡಿ, "ಅಕ್ಕಾ, ಇದೇ ಕೊನೇದು" ಎಂದ. ಹೇಳಿದ ಮೇಲೆ ಆ ಮಾತು ಬೇರೆ ಥರ ಕೇಳಿಸಿರಬೇಕು, ನಾಲಿಗೆ ಕಚ್ಚಿಕೊಂಡ.

ಅಕ್ಕ ಶುರುಮಾಡಿದಳು. ಏಳೊಂದ್ಲ ಏಳು. ಏಳೆರಡ್ಲ ಹದಿನಾಲ್ಕು. ದನಿ ತಿಳಿಯಾಗಿ ಬರುತ್ತಿತ್ತು. ಈ ದನಿ ಮುಂದಿನ ವಾರ ಇರುತ್ತದೋ ಇಲ್ಲವೋ ಎನ್ನುವುದು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ತಪ್ಪಬಾರದು ಎಂದುಕೊಂಡಷ್ಟೂ ನಾನು ಪ್ಯಾಡಿನ ಮೇಲೆ ಬಗ್ಗಿದೆ. ಏಳ್ಮೂರ್ಲ ಇಪ್ಪತ್ತೊಂದು. ಏಳ್ನಾಕ್ಲ ಇಪ್ಪತ್ತೆಂಟು...

"ಏಯ್, ಬೆನ್ನು ನೆಟ್ಟಗೆ ಮಾಡ್ಲಾ!"

ಅಡಿಪಟ್ಟಿ ನನ್ನ ಹೆಗಲ ಮೂಳೆಗಳ ನಡುವೆ ಬಿತ್ತು, ಸರಿಯಾಗಿ ತಾಳದ ಮೇಲೆ. ನಾನು ಬೆಚ್ಚಿ ನೆಟ್ಟಗೆ ಕೂತೆ. ಕೈ ನಿಲ್ಲಲಿಲ್ಲ. ಏನೂ ಆಗದವಳ ಹಾಗೆ ಅಕ್ಕ ಏಳೈದ್ಲ ಮೂವತ್ತೈದಕ್ಕೆ ಹೋದಳು, ಏಳ್ಹತ್ಲ ಎಪ್ಪತ್ತರ ತನಕ ಒಂದೇ ಉಸಿರಿನ ಹಾಗೆ ಹಾಡಿ ಮುಗಿಸಿದಳು. ರಿಯಾಜ್ ಸೇವ್ ಮಾಡಿದ. ಕರೆಂಟು ಹೋಯಿತು.

ಕತ್ತಲೆ ರೂಮಿನಲ್ಲಿ ತಡಕಾಡಿ ನಾನು ಕಿಟಕಿಯ ಕಂಬಳಿ ಸರಿಸಿದೆ. "ಅಕ್ಕಾ, ನಡುವೆ ಬೈದ್ಬಿಟ್ರಲ್ಲ" ಎಂದ ರಿಯಾಜ್. ಅಕ್ಕ ಬಿಸಿನೀರಿನ ಲೋಟ ಹಿಡಿದು, ಇನ್ನು ಆಗುವುದಿಲ್ಲವೆಂದು ತಲೆಯಾಡಿಸಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಕುಣಿಗಲ್ಲಿನಿಂದ ಮುಮಾನಿ ಎರಡು ಸಲ ಫೋನ್ ಮಾಡಿಸಿದರು. ಗಂಟು ಹೋಯಿತು, ಅಕ್ಕ ಗಟ್ಟಿಮುಟ್ಟಾಗಿ ಮನೆಗೆ ಬಂದಳು. ದನಿ ಬರಲಿಲ್ಲ. ಬರಲೇ ಇಲ್ಲವೆಂದಲ್ಲ, ಮಾತು ಬಂತು, ಸ್ಟೇಷನ್ ಸ್ವಲ್ಪ ಪಕ್ಕಕ್ಕೆ ಸರಿದ ರೇಡಿಯೋದ ಹಾಗೆ ಗೊರಗೊರ. ಹಾಡು ಬರಲಿಲ್ಲ. ಡಾಕ್ಟರು ಕಾಯಿರಿ ಎಂದರು. ಕಾದೆವು. ಒಂದು ದಿನ ಅಕ್ಕ ತನ್ನ ಅಡುಗೆಮನೆಯಲ್ಲಿ ಒಬ್ಬಳೇ ಎರಡರ ಮಗ್ಗಿ ಹೇಳಿಕೊಳ್ಳಲು ನೋಡಿ, ನಡುವೆ ನಿಲ್ಲಿಸಿ, ನಲ್ಲಿ ತಿರುಗಿಸಿದ್ದನ್ನು ನಾನು ಹಾಲಿನಲ್ಲಿ ಕೂತು ಕೇಳಿಸಿಕೊಂಡೆ. ಅವತ್ತು ಅತ್ತಷ್ಟು ನಾನು ಯಾವತ್ತೂ ಅತ್ತಿಲ್ಲ.

ಸೀಡಿ ಮಾಡುವಾಗ ರಿಯಾಜ್ ಆ ಬೈಗುಳದ ಜಾಗವನ್ನು ಅಳಿಸಿ ನೋಡಿದ. ಇಬ್ಬರೂ ಕೇಳಿದೆವು. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದ ಹಾಗೆ ಪ್ರತಿ ಸಲವೂ ಕಿವಿ ಅಲ್ಲೇ ಹೋಗಿ ನಿಲ್ಲುತ್ತಿತ್ತು. ಅವನು ಅದನ್ನು ವಾಪಸ್ ಹಾಕಿದ. ಸಂಕ್ರಾಂತಿ ಕಳೆದು ಅಕ್ಕ ಶಾಲೆಗೆ ಹೋಗತೊಡಗಿದಳು, ಸೀಡಿಯೂ ರಿಯಾಜ್ ಕೊಟ್ಟ ಹಳೇ ಪ್ಲೇಯರೂ ಅವಳ ಜೊತೆ ಊರ್ಡಿಗೆರೆಗೆ ಹೋದವು. ಪಾಠ ಹೇಗೆ ನಡೆಯುತ್ತಿದೆಯೆಂದು ನಾನು ಕೇಳಲಿಲ್ಲ, ಕೇಳಲು ಧೈರ್ಯವಿರಲಿಲ್ಲ.

ಒಂದೆರಡು ತಿಂಗಳಾದ ಮೇಲೆ ಅಕ್ಕ, ಪ್ಲೇಯರ್ ಕೆಟ್ಟು ಹದಿನೈದು ದಿನವಾಯಿತು, ಶಾಲೆಯಲ್ಲೇ ಇದೆ, ರಿಯಾಜ್ ಸರಿಮಾಡುತ್ತಾನಾ ಕೇಳು ಎಂದಳು. ಹದಿನೈದು ದಿನದಿಂದ ಮಕ್ಕಳಿಗೆ ಮಗ್ಗಿಯಿಲ್ಲ ಎಂದುಕೊಂಡೆ. ಮಾರನೆಯ ದಿನವೇ ಲ್ಯಾಬಿಗೆ ರಜೆ ಹಾಕಿ, ಪ್ಲೇಯರ್ ತರಲು ಊರ್ಡಿಗೆರೆಗೆ ಹೋದೆ.

ಶಾಲೆಯ ಜಗಲಿ ಹತ್ತುವಾಗಲೇ ಕೇಳಿಸಿತು. ಒಳಗೆ ನಲವತ್ತು ಮಕ್ಕಳು ಹಾಡುತ್ತಿದ್ದರು, ಏಳರ ಮಗ್ಗಿ. ಪ್ಲೇಯರು ಕಿಟಕಿಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಅಕ್ಕ ಮೇಜಿನ ಪಕ್ಕ ನಿಂತು, ಮಾತೇ ಆಡದೆ, ಅಡಿಪಟ್ಟಿಯಿಂದ ಮೇಜಿನ ಮೇಲೆ ತಾಳ ಹಾಕುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ನನ್ನನ್ನು ನೋಡಿದಳು. ನಿಲ್ಲಿಸಲಿಲ್ಲ. ಏಳ್ಮೂರ್ಲ ಇಪ್ಪತ್ತೊಂದು. ಏಳ್ನಾಕ್ಲ ಇಪ್ಪತ್ತೆಂಟು.

"ಏಯ್, ಬೆನ್ನು ನೆಟ್ಟಗೆ ಮಾಡ್ಲಾ!"

ನಲವತ್ತು ಗಂಟಲುಗಳೂ ಒಟ್ಟಿಗೆ ಕೂಗಿದವು, ಹೆಣ್ಣುಮಕ್ಕಳೂ ಸೇರಿ. ಕೂಗಿ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತು, ಏಳೈದ್ಲ ಮೂವತ್ತೈದಕ್ಕೆ ಹೋದರು. ಅದೂ ಮಗ್ಗಿಯ ಒಂದು ಸಾಲೆಂದೇ ಅವರು ಕಲಿತಿದ್ದರು. ಅದೇ ಧಾಟಿ, ಅದೇ ಗದರಿಕೆ, 'ಮಾಡ್ಲಾ' ಎನ್ನುವಲ್ಲಿ ಅಕ್ಕನದೇ ಆ ಎಳೆತ, ಆಪರೇಷನ್ನಿಗೆ ಮೊದಲಿನದು.

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು, ಅವಳ ಕಣ್ಣು ತುಂಬಿತ್ತು. ಅವಳ ಅಡಿಪಟ್ಟಿ ಮೇಜಿನ ಮೇಲೆ ತಾಳ ತಪ್ಪಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾನೂ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದೆ.